ಬೆರಳಚ್ಚಿನಲ್ಲಿ ಬುದ್ಧಿ ಹುಡುಕುವ ಮುಂಚೆ

ಕಳೆದ ತಿಂಗಳು ನನ್ನ ಚಿಕ್ಕಮ್ಮನ ಮಗಳು ಒಂದು ಫೈಲ್ ಹಿಡಿದುಕೊಂಡು ಮನೆಗೆ ಬಂದಳು. ಅವಳ ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ಪೋಷಕರ ಸಭೆಯ ದಿನ ಶಾಲೆಗೆ ಯಾರೋ ಬಂದು ಮಕ್ಕಳ ಹತ್ತೂ ಬೆರಳಿನ ಅಚ್ಚು ತೆಗೆದುಕೊಂಡಿದ್ದರಂತೆ. ದುಡ್ಡು ಕಟ್ಟಿದವರಿಗೆ ಹದಿನೈದು ದಿನದಲ್ಲಿ ರಿಪೋರ್ಟ್ ಬಂತು. ನುಣುಪು ಕಾಗದ, ಬಣ್ಣಬಣ್ಣದ ಚಾರ್ಟು. ಸಂಗೀತದ ಬುದ್ಧಿ ಇಷ್ಟು ಪರ್ಸೆಂಟು, ಮಾತಿನ ಬುದ್ಧಿ ಇಷ್ಟು, ಲೆಕ್ಕದ ಬುದ್ಧಿ ಇಷ್ಟು. ಕೊನೆಯ ಪುಟದಲ್ಲಿ ಮುಂದೆ ಯಾವ ಕೆಲಸ ಹೊಂದುತ್ತದೆ ಎನ್ನುವ ಪಟ್ಟಿ. ಚಾರ್ಟಿನಲ್ಲಿ ಲೆಕ್ಕದ ಪಟ್ಟೆ ಎಲ್ಲಕ್ಕಿಂತ ಗಿಡ್ಡ.

"ಅಕ್ಕಾ, ಇವನಿಗೆ ಲೆಕ್ಕ ತಲೆಗೆ ಹತ್ತಲ್ವಂತೆ. ಹುಟ್ಟಿನಿಂದಲೇ ಹಾಗಂತೆ. ಸುಮ್ನೆ ಯಾಕೆ ಒದ್ದಾಡಿಸೋದು? ಟ್ಯೂಷನ್ ಬಿಡಿಸಿ ಕೀಬೋರ್ಡ್ ಕ್ಲಾಸಿಗೆ ಹಾಕಿಬಿಡ್ಲಾ?"

ಬೇಡ ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಆ ಫೈಲಿನಲ್ಲಿ ಮೂರು ಬೇರೆ ಬೇರೆ ಮಾತುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಬೆರಳಚ್ಚು ನೋಡಿ ಮಿದುಳು ತಿಳಿಯಬಹುದು ಎನ್ನುವುದು ಮೊದಲನೆಯದು. ಬುದ್ಧಿಯಲ್ಲಿ ಹಲವು ಬಗೆ ಇವೆ ಎನ್ನುವುದು ಇನ್ನೊಂದು. ಒಬ್ಬೊಬ್ಬ ಮಗುವಿಗೂ ಅದರದೇ ಕಲಿಯುವ ರೀತಿ ಇದೆ, ಹಾಗೇ ಕಲಿಸಬೇಕು ಎನ್ನುವುದು ಮತ್ತೊಂದು. ಮೊದಲನೆಯದಕ್ಕೆ ಆಧಾರವೇ ಇಲ್ಲ. ಎರಡನೆಯದರಲ್ಲಿ ನಿಜವೂ ಇದೆ, ಎಳೆದು ಹಿಗ್ಗಿಸಿದ್ದೂ ಇದೆ. ಮೂರನೆಯದನ್ನು ಎಷ್ಟೋ ಒಳ್ಳೆಯ ಮೇಷ್ಟ್ರುಗಳೇ ನಂಬಿದ್ದಾರೆ, ಆದರೆ ಪರೀಕ್ಷೆಗೆ ಒಡ್ಡಿದಾಗ ಅದು ನಿಲ್ಲಲಿಲ್ಲ. ಮಕ್ಕಳ ಹಣೆಬರಹ ಇದರ ಮೇಲೆ ನಿಂತಿರುವಾಗ ಮೂರನ್ನೂ ಬಿಡಿಸಿ ನೋಡಲೇಬೇಕು.

ಬೆರಳಿನಿಂದ ಶುರು ಮಾಡೋಣ. ಈ ಪರೀಕ್ಷೆಯನ್ನು ಚಿಕ್ಕದಾಗಿ ಡಿಎಂಐಟಿ ಅನ್ನುತ್ತಾರೆ. ಪೂರ್ತಿ ಹೆಸರು ಡರ್ಮಟೋಗ್ಲಿಫಿಕ್ಸ್ ಮಲ್ಟಿಪಲ್ ಇಂಟೆಲಿಜೆನ್ಸ್ ಟೆಸ್ಟ್. ಹೆಸರಿನ ಮೊದಲ ಪದ ನಿಜವಾದ ಶಾಸ್ತ್ರದ್ದೇ. ಬೆರಳು, ಅಂಗೈ, ಅಂಗಾಲಿನ ಗೆರೆಗಳ ಅಧ್ಯಯನಕ್ಕೆ 1926ರಲ್ಲಿ ಹೆರಾಲ್ಡ್ ಕಮಿನ್ಸ್ ಮತ್ತು ಚಾರ್ಲ್ಸ್ ಮಿಡ್ಲೊ ಆ ಹೆಸರು ಇಟ್ಟರು. ಡೌನ್ ಸಿಂಡ್ರೋಮ್ ಇರುವವರ ಕೈಗೆರೆಗಳು ಬೇರೆಯವರಿಗಿಂತ ಭಿನ್ನವಾಗಿರುತ್ತವೆ ಎಂದು ಕಮಿನ್ಸ್ ತೋರಿಸಿದರು. ಅದು ಸರಿ. ಕ್ರೋಮೋಸೋಮಿನಲ್ಲೇ ವ್ಯತ್ಯಾಸ ಇದ್ದಾಗ ಅದರ ಗುರುತು ಚರ್ಮದ ಮೇಲೂ ಬೀಳುತ್ತದೆ.

ಅಲ್ಲಿಂದ ಮುಂದಕ್ಕೆ ದಾರಿ ತಪ್ಪುತ್ತದೆ. ಬೆರಳ ಗೆರೆಗಳು ತಾಯಿಯ ಹೊಟ್ಟೆಯಲ್ಲಿ ಸುಮಾರು ಹತ್ತನೇ ವಾರದಿಂದ ಮೂಡಲು ಶುರುವಾಗುತ್ತವೆ. ಮಿದುಳೂ ಅದೇ ಹೊತ್ತಿಗೆ ಬೆಳೆಯುತ್ತಿರುತ್ತದೆ. ಹಾಗಾಗಿ ಎರಡಕ್ಕೂ ನಂಟಿದೆ, ಹತ್ತು ಬೆರಳು ಅಂದರೆ ಮಿದುಳಿನ ಹತ್ತು ಭಾಗ ಎನ್ನುವುದು ಡಿಎಂಐಟಿ ಮಾರುವವರ ವಾದ. ಅದೇ ವಾರಗಳಲ್ಲಿ ಕಣ್ಣು, ಕಿವಿ, ಮೂತ್ರಪಿಂಡ ಎಲ್ಲವೂ ಬೆಳೆಯುತ್ತಿರುತ್ತವೆ ಅಲ್ವಾ? ಜೊತೆಯಲ್ಲಿ ಬೆಳೆದ ಮಾತ್ರಕ್ಕೆ ಒಂದನ್ನು ನೋಡಿ ಇನ್ನೊಂದನ್ನು ಓದಲು ಬರುವುದಿಲ್ಲ. ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ, ಅಂದರೆ ನಮ್ಮ ದೇಶದ ಮನೋವೈದ್ಯರ ಸಂಘ, ಈ ಪರೀಕ್ಷೆಗೆ ವೈಜ್ಞಾನಿಕ ಆಧಾರ ಇಲ್ಲ ಎಂದು ಹೇಳಿದೆ.

ನಮ್ಮಜ್ಜಿ ಮೊಮ್ಮಕ್ಕಳ ಬೆರಳ ತುದಿ ಹಿಡಿದು ಶಂಖ ಎಷ್ಟು, ಚಕ್ರ ಎಷ್ಟು ಅಂತ ಎಣಿಸುತ್ತಿದ್ದರು. ಚಕ್ರ ಜಾಸ್ತಿ ಇದ್ದರೆ ಒಳ್ಳೆಯದು ಅನ್ನುತ್ತಿದ್ದರು. ಎಣಿಸಿ ಆದ ಮೇಲೆ ಮಗ್ಗಿ ಹೇಳು ಅನ್ನುತ್ತಿದ್ದರು. ಚಕ್ರ ಕಡಿಮೆ ಇದೆ ಅಂತ ಯಾರ ಮಗ್ಗಿಯನ್ನೂ ಬಿಟ್ಟಿರಲಿಲ್ಲ.

ಇನ್ನು ಹಲವು ಬಗೆಯ ಬುದ್ಧಿ ಎನ್ನುವ ಮಾತು. ಇದನ್ನು ಲೋಕದ ತುಂಬ ಹರಡಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಹೊವಾರ್ಡ್ ಗಾರ್ಡ್ನರ್. ಅವರು ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಮಿದುಳಿಗೆ ಪೆಟ್ಟು ಬಿದ್ದವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಪಾರ್ಶ್ವವಾಯು ಹೊಡೆದು ಮಾತು ನಿಂತುಹೋದ ಕೆಲವರು ಹಾಡು ಮಾತ್ರ ಹಾಡಬಲ್ಲರು. ಬುದ್ಧಿ ಎನ್ನುವುದು ಒಂದೇ ಮುದ್ದೆಯಾಗಿದ್ದರೆ ಹೀಗೆ ಒಂದು ಹೋಗಿ ಇನ್ನೊಂದು ಉಳಿಯುವುದು ಹೇಗೆ? ಈ ಪ್ರಶ್ನೆ ಹಿಡಿದು ಅವರು 1983ರಲ್ಲಿ ಏಳು ಬಗೆಯ ಬುದ್ಧಿಮತ್ತೆ ಇದೆ ಎಂದರು. ಮಾತಿನದು, ತರ್ಕ ಮತ್ತು ಲೆಕ್ಕದ್ದು, ಸಂಗೀತದ್ದು, ಮೈಕೈ ಚಲನೆಯದು, ಜಾಗ ಮತ್ತು ಆಕಾರವನ್ನು ಮನಸ್ಸಿನಲ್ಲೇ ಕಾಣುವುದು, ಬೇರೆಯವರ ಮನಸ್ಸು ಅರಿಯುವುದು, ತನ್ನನ್ನು ತಾನು ಅರಿಯುವುದು. ಗಿಡಮರ, ಪ್ರಾಣಿಪಕ್ಷಿಗಳನ್ನು ಗುರುತಿಸುವ ಬುದ್ಧಿಯನ್ನು ಆಮೇಲೆ ಎಂಟನೆಯದಾಗಿ ಸೇರಿಸಿದರು.

ಈ ಮಾತು ಯಾಕೆ ಅಷ್ಟು ಬೇಗ ಎಲ್ಲರಿಗೂ ಹಿಡಿಸಿತು ಎನ್ನುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಒಂದೇ ನಂಬರಿನಲ್ಲಿ ಮಗುವನ್ನು ತೂಗುವುದು ನೋಡಿ ಬೇಸತ್ತಿದ್ದ ಮೇಷ್ಟ್ರುಗಳಿಗೆ ಇದು ಉಸಿರು ಕೊಟ್ಟಿತು. ದಡ್ಡ ಅನ್ನಿಸಿಕೊಂಡ ಹುಡುಗ ಡೊಳ್ಳು ಬಾರಿಸಿದರೆ ಊರೇ ನಿಂತು ಕೇಳುತ್ತದೆ. ಅದೂ ಒಂದು ಬುದ್ಧಿಯೇ ಎಂದು ಯಾರಾದರೂ ಹೇಳಬೇಕಿತ್ತು.

ಆದರೆ ವಿಜ್ಞಾನದ ಒರೆಗಲ್ಲಿಗೆ ಹಚ್ಚಿದಾಗ ಬಂದ ಫಲ ಅಷ್ಟು ಸರಳವಾಗಿರಲಿಲ್ಲ. 2006ರಲ್ಲಿ ಕೆನಡಾದ ಸಂಶೋಧಕರು ಗಾರ್ಡ್ನರ್ ಹೇಳಿದ ಎಂಟೂ ಬಗೆಗೆ ಎರಡೆರಡು ಪರೀಕ್ಷೆ ಮಾಡಿ ಜನರನ್ನು ಕೂರಿಸಿದರು. ಎಂಟೂ ಬೇರೆ ಬೇರೆಯಾಗಿದ್ದರೆ ಒಂದರ ಅಂಕಕ್ಕೂ ಇನ್ನೊಂದರ ಅಂಕಕ್ಕೂ ಸಂಬಂಧ ಇರಬಾರದು. ಹಾಗೆ ಆಗಲಿಲ್ಲ. ಮಾತು, ತರ್ಕ, ಆಕಾರ, ಪ್ರಕೃತಿಯ ಗುರುತು, ಬೇರೆಯವರ ಮನಸ್ಸು, ಇವುಗಳಲ್ಲಿ ಒಂದರಲ್ಲಿ ಮುಂದಿದ್ದವರು ಉಳಿದವುಗಳಲ್ಲೂ ಸಾಮಾನ್ಯವಾಗಿ ಮುಂದಿದ್ದರು. ಉಳಿದವು, ಅದರಲ್ಲೂ ಮೈಕೈ ಚಲನೆ, ಈ ಗುಂಪಿನಿಂದ ಸ್ವಲ್ಪ ದೂರ ನಿಂತವು.

ಈ ಒಟ್ಟಿಗೆ ಏರುವ ಗುಣವನ್ನು ಲಂಡನ್ನಿನ ಮನಃಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲೇ ಗುರುತಿಸಿದ್ದರು. ಒಂದು ವಿಷಯದಲ್ಲಿ ಒಳ್ಳೆಯ ಅಂಕ ತೆಗೆಯುವ ಮಗು ಬೇರೆ ವಿಷಯದಲ್ಲೂ ತೆಗೆಯುವುದು ಹೆಚ್ಚು. ಎಲ್ಲದರ ಹಿಂದೆ ಒಂದು ಸಾಮಾನ್ಯ ಶಕ್ತಿ ಇರಬೇಕು ಎಂದು ಅವರು ಅದಕ್ಕೆ 'ಜಿ' ಎಂದು ಹೆಸರಿಟ್ಟರು. ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗ ಕಟ್ಟಿದರು. ಪಶ್ಚಿಮದ ಬುದ್ಧಿ ಪರೀಕ್ಷೆಗಳನ್ನು ಇಲ್ಲಿನವರಿಗೆ ಹೊಂದಿಸುವ ಕೆಲಸ ಅಲ್ಲಿ ನಡೆಯಿತು. 

ಸ್ಪಿಯರ್‌ಮನ್ ಒಂದು ಶಕ್ತಿ ಹುಡುಕುತ್ತಿದ್ದಾಗಲೇ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಬೇರೊಂದು ಕೆಲಸದಲ್ಲಿದ್ದರು. ಫ್ರಾನ್ಸ್ ಸರ್ಕಾರಕ್ಕೆ ಒಂದು ವಿಷಯ ಗೊತ್ತಾಗಬೇಕಿತ್ತು: ಮಾಮೂಲಿ ಕ್ಲಾಸಿನಲ್ಲಿ ಹಿಂದೆ ಬೀಳುವ, ಹೆಚ್ಚಿನ ಸಹಾಯ ಬೇಕಾದ ಮಕ್ಕಳು ಯಾರು? ಅದಕ್ಕಾಗಿ ಬಿನೆ ಮತ್ತು ಥಿಯೋಡೋರ್ ಸಿಮೋನ್ 1905ರಲ್ಲಿ ಮೂವತ್ತು ಪ್ರಶ್ನೆಗಳ ಪರೀಕ್ಷೆ ಮಾಡಿದರು. ಇವತ್ತಿನ ಐಕ್ಯೂ ಪರೀಕ್ಷೆಗಳ ಬೇರು ಅದೇ. ಬುದ್ಧಿ ಎನ್ನುವುದು ಹೆಚ್ಚಿಸಲಾಗದ, ಹುಟ್ಟಿನಿಂದ ಗಟ್ಟಿಯಾದ ಅಳತೆ ಎನ್ನುವುದನ್ನು ಬಿನೆ ಒಪ್ಪಲಿಲ್ಲ. ಅಂಥ ನಿರಾಶೆಯ ಮಾತನ್ನು ವಿರೋಧಿಸಬೇಕು ಎಂದೇ ಬರೆದರು. ಅವರು 1911ರಲ್ಲಿ ತೀರಿಕೊಂಡರು. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಇದನ್ನು ಒಂದೇ ಅಂಕಿಗೆ ಇಳಿಸುವ ಲೆಕ್ಕ ಕೊಟ್ಟರು. ಅಮೆರಿಕಕ್ಕೆ ಹೋದ ಮೇಲೆ ಸಹಾಯಕ್ಕೆ ಅಂತ ಹುಟ್ಟಿದ ಪರೀಕ್ಷೆ ವಿಂಗಡಿಸುವ ಜರಡಿಯಾಯಿತು.

ನಮ್ಮಲ್ಲೂ ಅದರ ಒಂದು ಕವಲು ಇದೆ. ವಿ.ವಿ. ಕಾಮತ್ 1930ರ ದಶಕದಲ್ಲಿ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. 'ಬಿನೆ-ಕಾಮತ್' ಎನ್ನುವ ಈ ಪರೀಕ್ಷೆಯನ್ನು ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳನ್ನು ಗುರುತಿಸಲು ನಮ್ಮ ದೇಶದಲ್ಲಿ ಇನ್ನೂ ಬಳಸುತ್ತಾರೆ. ಅಲ್ಲಿ ಅದಕ್ಕೊಂದು ಒಳ್ಳೆಯ ಉದ್ದೇಶ ಉಳಿದಿದೆ. ಸರ್ಟಿಫಿಕೇಟ್ ಸಿಕ್ಕರೆ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗಬಹುದು, ಸವಲತ್ತು ಸಿಗಬಹುದು. ಬಿನೆ ಬಯಸಿದ್ದಕ್ಕೆ ಇದು ಹತ್ತಿರ.

ಹಾಗಾದರೆ ಬುದ್ಧಿ ಒಂದೋ ಹಲವೋ? ನನಗೆ ಕಾಣುವುದು ಇಷ್ಟು. ಜನರ ಸಾಮರ್ಥ್ಯಗಳು ಬೇರೆ ಬೇರೆ ಇವೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅವು ಗೋಡೆ ಕಟ್ಟಿ ಬೇರ್ಪಡಿಸಿದ ಎಂಟು ಕೋಣೆಗಳಲ್ಲ. ಒಂದು ಕೋಣೆಯಲ್ಲಿ ದೀಪ ಇದೆ ಅಂದ ಮಾತ್ರಕ್ಕೆ ಪಕ್ಕದ ಕೋಣೆಗೆ ಬೀಗ ಹಾಕುವ ಹಕ್ಕು ನಮಗಿಲ್ಲ. ನನ್ನ ತಂಗಿಯ ಫೈಲ್ ಮಾಡುತ್ತಿದ್ದುದು ಆ ಕೆಲಸವನ್ನೇ. ಸಂಗೀತ ಇದೆ, ಹಾಗಾಗಿ ಲೆಕ್ಕ ಬೇಡ.

ಈ ಬೀಗ ಎಲ್ಲಿಗೆ ಮುಟ್ಟಬಹುದು ಎಂದು ಗಾರ್ಡ್ನರ್ ಅವರೇ ಕಣ್ಣಾರೆ ಕಂಡರು. 1990ರ ದಶಕದ ಮೊದಲಲ್ಲಿ ಆಸ್ಟ್ರೇಲಿಯಾದ ಒಂದು ರಾಜ್ಯದಲ್ಲಿ ಅವರ ಸಿದ್ಧಾಂತ ಹಿಡಿದು ಶಿಕ್ಷಣ ಕಾರ್ಯಕ್ರಮ ಮಾಡಿದರು. ಯಾವ ಜನಾಂಗದವರಿಗೆ ಯಾವ ಬುದ್ಧಿ ಇದೆ, ಯಾವುದು ಇಲ್ಲ ಎಂದು ಪಟ್ಟಿ ಹಾಕಿದ್ದರು. ಗಾರ್ಡ್ನರ್ ಅಲ್ಲಿನ ಟೀವಿಗೆ ಹೋಗಿ ಇದು ಹುಸಿ ವಿಜ್ಞಾನ ಎಂದು ಬಹಿರಂಗವಾಗಿ ಹೇಳಿದರು. ಆ ಕಾರ್ಯಕ್ರಮ ನಿಂತಿತು.

ನಮಗೆ ಈ ಕಥೆ ದೂರದ್ದಲ್ಲ. ಯಾರ ಮನೆ ಮಗುವಿಗೆ 'ಕೈಕೆಲಸದ ಬುದ್ಧಿ' ಅನ್ನುತ್ತೇವೆ, ಯಾರ ಮನೆ ಮಗುವಿಗೆ 'ಓದುವ ತಲೆ' ಅನ್ನುತ್ತೇವೆ ಅಂತ ಒಮ್ಮೆ ಯೋಚಿಸಿ. ಎಷ್ಟೋ ಸಲ ಮಗು ಬಾಯಿ ಬಿಡುವ ಮುಂಚೆಯೇ ಅದರ ಜಾತಿ, ಅಪ್ಪನ ಕೆಲಸ ನೋಡಿ ತೀರ್ಮಾನ ಆಗಿರುತ್ತದೆ. ಕುಂಬಾರನ ಮಗಳ ಕೈಯಲ್ಲಿ ಮಣ್ಣು ಒಲಿಯುತ್ತದೆ ಎಂದು ಹೊಗಳುವುದು ಬೇರೆ, ಅದಕ್ಕೇ ಅವಳಿಗೆ ಬೀಜಗಣಿತ ಬೇಡ ಅನ್ನುವುದು ಬೇರೆ. ಹಲವು ಬುದ್ಧಿಗಳ ಮಾತು ಹೊಗಳಿಕೆಯ ಬಟ್ಟೆ ತೊಟ್ಟು ಬರುವುದರಿಂದ ಅದರ ಹಿಂದಿನ ಬೀಗ ಬೇಗ ಕಾಣುವುದಿಲ್ಲ.

ಕಲಿಯುವ ರೀತಿಯ ವಿಷಯಕ್ಕೆ ಜಾಸ್ತಿ ಹೊತ್ತು ಬೇಡ. ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ, ಕೆಲವರು ಮಾಡಿ, ಆಯಾ ಮಗುವಿಗೆ ಆಯಾ ರೀತಿಯಲ್ಲೇ ಕಲಿಸಿದರೆ ಚೆನ್ನಾಗಿ ಹತ್ತುತ್ತದೆ ಎನ್ನುವುದು ವಾದ. ಬ್ರಿಟನ್ ಮತ್ತು ನೆದರ್ಲೆಂಡ್ಸಿನಲ್ಲಿ 2012ರಲ್ಲಿ ಕೇಳಿದಾಗ ಶಿಕ್ಷಕರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಇದನ್ನು ನಂಬಿದ್ದರು. ಆದರೆ 2008ರಲ್ಲೇ ಅಮೆರಿಕದ ಮನಃಶಾಸ್ತ್ರಜ್ಞ ಹೆರಾಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ ಇದಕ್ಕೆ ತಕ್ಕ ಪುರಾವೆ ಇಲ್ಲ ಎಂದಿದ್ದರು. ಮಕ್ಕಳಿಗೆ ಇಷ್ಟ ಅನ್ನುವುದು ಇರುತ್ತದೆ. ಇಷ್ಟಕ್ಕೆ ತಕ್ಕಂತೆ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಅನ್ನುವುದು ಮಾತ್ರ ಕಾಣಲಿಲ್ಲ. ತನ್ನ ಹಲವು ಬುದ್ಧಿಗಳ ಸಿದ್ಧಾಂತಕ್ಕೂ ಈ ಕಲಿಕೆಯ ಶೈಲಿಗಳಿಗೂ ಸಂಬಂಧ ಇಲ್ಲ ಎಂದು ಗಾರ್ಡ್ನರ್ 2013ರಲ್ಲಿ ಲೇಖನ ಬರೆದು ಹೇಳಬೇಕಾಯಿತು.

ರೀತಿಯನ್ನು ತೀರ್ಮಾನ ಮಾಡುವುದು ಬಹಳ ಸಲ ಮಗುವಲ್ಲ, ವಿಷಯ. ಕರ್ನಾಟಕದ ನದಿಗಳನ್ನು ಎಲ್ಲ ಮಕ್ಕಳಿಗೂ ಭೂಪಟದಲ್ಲಿ ತೋರಿಸಲೇಬೇಕು. ಮೋಹನ ರಾಗವನ್ನು ಎಲ್ಲರಿಗೂ ಕೇಳಿಸಲೇಬೇಕು. ಜೋಳದ ರೊಟ್ಟಿ ತಟ್ಟುವುದನ್ನು ಎಷ್ಟು ವಿಡಿಯೋ ನೋಡಿದರೂ ಹಿಟ್ಟಿನ ಮೇಲೆ ಕೈ ಇಡದೆ ಯಾರಿಗೂ ಬರುವುದಿಲ್ಲ.

ಹಾಗಾದರೆ ಮಕ್ಕಳ ನಡುವೆ ಕಣ್ಣಿಗೆ ಹೊಡೆಯುವ ವ್ಯತ್ಯಾಸ ಇದೆಯಲ್ಲ, ಅದು ಏನು? ಇದಕ್ಕೆ ನಾನು ದೂರ ಹೋಗಬೇಕಾಗಿಲ್ಲ. ನಮ್ಮ ಬೀದಿಯ ದೇವಸ್ಥಾನದ ಎದುರು ಒಬ್ಬ ಅಜ್ಜಿ ಹೂವು ಮಾರುತ್ತಾರೆ. ಸಂಜೆ ಹೊತ್ತು ಆರನೇ ಕ್ಲಾಸಿನ ಮೊಮ್ಮಗಳು ಜೊತೆಗೆ ಕೂರುತ್ತಾಳೆ. ಒಂದು ಶುಕ್ರವಾರ ನಾನು ಮೂರೂವರೆ ಮೊಳ ಮಲ್ಲಿಗೆ, ಮೂರು ಮೊಳ ಕನಕಾಂಬರ ಕೇಳಿದೆ. ಮಲ್ಲಿಗೆ ಮೊಳಕ್ಕೆ ಮೂವತ್ತು, ಕನಕಾಂಬರ ಇಪ್ಪತ್ತೈದು. ಹುಡುಗಿ ಮೊಣಕೈಯಿಂದ ಬೆರಳ ತುದಿಗೆ ಹೂವು ಅಳೆಯುತ್ತಲೇ ಬಾಯಲ್ಲಿ ಹೇಳಿಕೊಂಡಳು. "ಮೂರಕ್ಕೆ ತೊಂಬತ್ತು, ಅರ್ಧಕ್ಕೆ ಹದಿನೈದು, ನೂರೈದು. ಇದು ಎಪ್ಪತ್ತೈದು. ನೂರೆಂಬತ್ತು ಆಂಟಿ." ಐನೂರರ ನೋಟು ಕೊಟ್ಟೆ. ಮೊದಲು ಇಪ್ಪತ್ತು ರೂಪಾಯಿ ನನ್ನ ಕೈಗಿಟ್ಟು "ಇನ್ನೂರು" ಅಂದಳು. ಆಮೇಲೆ ನೂರರ ಮೂರು ನೋಟು ಒಂದೊಂದಾಗಿ ಇಟ್ಟಳು. "ಮುನ್ನೂರು, ನಾನ್ನೂರು, ಐನೂರು."

ಪಕ್ಕದಲ್ಲಿ ಅವಳ ಲೆಕ್ಕದ ನೋಟ್‌ಬುಕ್ ಇತ್ತು. ಕುತೂಹಲಕ್ಕೆ 500ರಿಂದ 180 ಕಳೆಯಲು ಬರೆದುಕೊಟ್ಟೆ. ಅವಳು ಬಲಗಡೆಯಿಂದ ಶುರು ಮಾಡಿದಳು. ಸೊನ್ನೆಯಲ್ಲಿ ಸೊನ್ನೆ ಹೋದರೆ ಸೊನ್ನೆ. ಮುಂದೆ ಸೊನ್ನೆಯಲ್ಲಿ ಎಂಟು. ಪೆನ್ಸಿಲ್ ಸ್ವಲ್ಪ ಹೊತ್ತು ನಿಂತಿತು. ಎಂಟರಲ್ಲಿ ಸೊನ್ನೆ ಕಳೆದು 8 ಬರೆದಳು. ಐದರಲ್ಲಿ ಒಂದು ಹೋದರೆ ನಾಲ್ಕು. ಉತ್ತರ 480.

"ನನಗೆ ನಾನೂರೆಂಬತ್ತು ಚಿಲ್ಲರೆ ಕೊಡ್ತಿದ್ಯಾ?" ಅಂತ ಕೇಳಿದೆ.

ನಕ್ಕುಬಿಟ್ಟಳು. "ಅಷ್ಟು ಕೊಟ್ರೆ ಅಜ್ಜಿ ಬಿಡ್ತಾರಾ? ಅದು ಬೇರೆ ಆಂಟಿ, ಇದು ಸ್ಕೂಲ್ ಲೆಕ್ಕ."

ಅದು ಬೇರೆ, ಇದು ಬೇರೆ. ಈ ಮಾತನ್ನು ದೊಡ್ಡ ಪ್ರಮಾಣದಲ್ಲಿ ಅಳೆದ ಅಧ್ಯಯನ 2025ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ, ಹಾರ್ವರ್ಡಿನ ಮನಃಶಾಸ್ತ್ರಜ್ಞೆ ಎಲಿಜಬೆತ್ ಸ್ಪೆಲ್ಕಿ ಮುಂತಾದವರ ತಂಡ ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ 1,436 ಮಕ್ಕಳನ್ನು ನೋಡಿತು. ಸಂಶೋಧಕರ ಕಡೆಯವರು ಗಿರಾಕಿಗಳ ಹಾಗೆ ಹೋಗಿ ಬೇಕೆಂದೇ ತೊಡಕಿನ ಲೆಕ್ಕ ಇಡುತ್ತಿದ್ದರು. ಕಿಲೋಗೆ 20 ರೂಪಾಯಿಯ ಆಲೂಗಡ್ಡೆ 800 ಗ್ರಾಂ, 15 ರೂಪಾಯಿಯ ಈರುಳ್ಳಿ 1.4 ಕಿಲೋ. ಒಟ್ಟು 37. ಇನ್ನೂರರ ನೋಟು ಕೊಟ್ಟರೆ 163 ವಾಪಸ್ಸು. ಮಕ್ಕಳು ಪೆನ್ನು, ಕಾಗದ, ಕ್ಯಾಲ್ಕುಲೇಟರ್ ಏನೂ ಇಲ್ಲದೆ ಮಾಡಿದರು. ಅದೇ ಮಕ್ಕಳಿಗೆ ಅದಕ್ಕಿಂತ ಸುಲಭದ ಲೆಕ್ಕವನ್ನು ಶಾಲೆಯ ಥರ ಬರೆದುಕೊಟ್ಟಾಗ ಹೆಚ್ಚಿನವರು ತಡವರಿಸಿದರು.

ಇದರ ಇನ್ನೊಂದು ಮುಖ ನನಗೆ ಹೆಚ್ಚು ನೋವು ಕೊಟ್ಟಿತು. ವ್ಯಾಪಾರದ ಅನುಭವ ಇಲ್ಲದ, ಹತ್ತಿರದ ಶಾಲೆಗಳಲ್ಲಿ ಓದುವ 471 ಮಕ್ಕಳನ್ನೂ ನೋಡಿದರು. ಅವರು ಬರೆದ ಲೆಕ್ಕದಲ್ಲಿ ಮೇಲಿದ್ದರು. ಆದರೆ ಮಾರುಕಟ್ಟೆಯ ಒಂದು ಲೆಕ್ಕವನ್ನು ಕೆಲಸ ಮಾಡುವ ಮಕ್ಕಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಬಿಡಿಸಿದರೆ, ಶಾಲೆಯ ಮಕ್ಕಳಲ್ಲಿ ಬಿಡಿಸಿದವರು ಶೇ. 1 ಮಾತ್ರ. ಅಂದರೆ ಎರಡು ಕಡೆಯ ಮಕ್ಕಳಿಗೂ ಅರ್ಧರ್ಧ ಗಣಿತ ಬರುತ್ತಿತ್ತು. ಬ್ರೆಜಿಲಿನ ರೆಸಿಫೆ ಊರಿನಲ್ಲಿ ಬೀದಿ ವ್ಯಾಪಾರದ ಮಕ್ಕಳನ್ನು ನೋಡಿದವರು 1985ರಲ್ಲೇ ಇಂಥದ್ದನ್ನು ಹೇಳಿದ್ದರು. ಅಲ್ಲಿ ಬೀದಿಯಲ್ಲಿ ಶೇ. 98 ಸರಿ ಉತ್ತರ ಕೊಟ್ಟ ಮಕ್ಕಳು, ಬರೀ ಅಂಕಿಗಳಾಗಿ ಬರೆದುಕೊಟ್ಟ ಲೆಕ್ಕದಲ್ಲಿ ಶೇ. 37ಕ್ಕೆ ಇಳಿದಿದ್ದರು.

ಹೂವಿನ ಹುಡುಗಿಗೆ ಇರುವುದು ಯಾವ ಬಗೆಯ ಬುದ್ಧಿ? ಲೆಕ್ಕದ್ದು ಜಾಸ್ತಿ ಅಂತ ಬರೆಯೋಣವಾ, ಕಡಿಮೆ ಅಂತ ಬರೆಯೋಣವಾ? ಬುದ್ಧಿಯ ಹೆಸರು ಹುಡುಕುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಅವಳಿಗೆ ಸಂಖ್ಯೆಗಳನ್ನು ಒಡೆದು ಕೂಡಿಸುವುದು ಬರುತ್ತದೆ, ಎಣಿಸುತ್ತಾ ಮೇಲೇರಿ ಚಿಲ್ಲರೆ ಕೊಡುವುದು ಬರುತ್ತದೆ. 'ಪಕ್ಕದ ಮನೆಯಿಂದ ಸಾಲ ತರುವ' ವಿಧಾನ ಮಾತ್ರ ಅರ್ಥವಾಗಿಲ್ಲ. ಇವೆರಡೂ ಒಂದೇ ಕಳೆಯುವ ಲೆಕ್ಕ ಎಂದು ಯಾರೂ ಅವಳಿಗೆ ತೋರಿಸಿಲ್ಲ. ಇಷ್ಟು ಗೊತ್ತಾದರೆ ಮೇಷ್ಟ್ರಿಗೆ ನಾಳೆ ಏನು ಕಲಿಸಬೇಕು ಎನ್ನುವುದು ಗೊತ್ತಾಯಿತು. ಪರ್ಸೆಂಟು ಬರೆದ ಚಾರ್ಟು ಅದನ್ನು ಹೇಳುವುದಿಲ್ಲ.

ಒಂದು ವಿಷಯದಲ್ಲಿ ಬೆಳಕಿನಂತೆ ಹೊಳೆಯುವವರ ತಲೆಯಲ್ಲೂ ಇಂಥದ್ದೇ ಏನೋ ನಡೆಯುತ್ತಿರುತ್ತದೆ. ಬೆಂಗಳೂರಿನ ಶಕುಂತಲಾ ದೇವಿ ನೆನಪಿರಬೇಕಲ್ಲ. ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ತಂದೆ, ಸರಿಯಾದ ಶಾಲೆ ಇಲ್ಲದ ಬಾಲ್ಯ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದರು. 1988ರಲ್ಲಿ ಬುದ್ಧಿಮತ್ತೆಯ ಸಂಶೋಧಕ ಆರ್ಥರ್ ಜೆನ್ಸನ್ ಅವರನ್ನು ಬರ್ಕ್ಲಿಯಲ್ಲಿ ಪರೀಕ್ಷೆ ಮಾಡಿದರು. 61,629,875ರ ಘನಮೂಲ ಕೇಳಿದರೆ ಜೆನ್ಸನ್ ಅದನ್ನು ಬರೆದುಕೊಳ್ಳುವ ಮುಂಚೆಯೇ 395 ಎನ್ನುವ ಉತ್ತರ ಬಂದಿತ್ತು. ಮಿದುಳಿನ ವೇಗವೇ ಬುದ್ಧಿಯ ಗುಟ್ಟು ಎನ್ನುವ ಕಡೆಗೆ ಒಲವಿದ್ದವರು ಜೆನ್ಸನ್. ಹಾಗಾಗಿ ದೀಪ ಹೊತ್ತಿದ ತಕ್ಷಣ ಗುಂಡಿ ಒತ್ತುವಂಥ ಸಣ್ಣ ಪರೀಕ್ಷೆಗಳನ್ನೂ ಕೊಟ್ಟರು. ಅದರಲ್ಲಿ ಶಕುಂತಲಾ ದೇವಿಯವರ ವೇಗ ಸಾಮಾನ್ಯ ಜನರಂತೆಯೇ ಇತ್ತು. ಅವರ ಶಕ್ತಿ ಇದ್ದದ್ದು ಸಂಖ್ಯೆಗಳ ಜೊತೆಗಿನ ಒಡನಾಟದಲ್ಲಿ. ಮೂರು ವರ್ಷದ ಮಗುವಾಗಿದ್ದಾಗಿಂದ ಅವರು ಅಂಕಿಗಳ ಜೊತೆ ಆಡಿದವರು. ನಮಗೆ ನಮ್ಮ ಬೀದಿಯ ಮುಖಗಳು ಹೇಗೆ ಪರಿಚಯವೋ ಅವರಿಗೆ ಸಂಖ್ಯೆಗಳು ಹಾಗೆ.

ಚೆಸ್ ಆಟಗಾರರ ವಿಷಯದಲ್ಲೂ ಹೀಗೇ. 1973ರ ಒಂದು ಹೆಸರಾಂತ ಪ್ರಯೋಗದಲ್ಲಿ ನಡೆಯುತ್ತಿರುವ ಆಟದ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರು. ಪಳಗಿದ ಆಟಗಾರ ಹೆಚ್ಚಿನ ಕಾಯಿಗಳನ್ನು ಸರಿಯಾಗಿ ಜೋಡಿಸಿದ. ಕಾಯಿಗಳನ್ನು ಮನಸ್ಸಿಗೆ ಬಂದಂತೆ ಇಟ್ಟು ತೋರಿಸಿದಾಗ ಹೊಸಬನಿಗೂ ಅವನಿಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ನೆನಪಿನ ಶಕ್ತಿ ಎನ್ನುವ ಪ್ರತ್ಯೇಕ ಚೀಲ ಅವನಲ್ಲಿ ಇರಲಿಲ್ಲ. ಆಟದ ತಿಳುವಳಿಕೆಯೇ ನೆನಪಾಗಿತ್ತು. ಗೊತ್ತಿದ್ದದ್ದರ ಮೇಲೆ ಗೊತ್ತಿಲ್ಲದ್ದು ಕೂರುತ್ತದೆ. ಕೂರಲು ಜಾಗ ಇಲ್ಲದಿದ್ದರೆ ಜಾರಿ ಬೀಳುತ್ತದೆ, ಆಗ ನಾವು ತಲೆಗೆ ಹತ್ತಲಿಲ್ಲ ಅನ್ನುತ್ತೇವೆ.

ಕಲಿತದ್ದು ಉಳಿಯುವುದು ಹೇಗೆ ಎನ್ನುವುದಕ್ಕೂ ಒಂದು ಗಟ್ಟಿ ಉತ್ತರ ಇದೆ, ಅದು ಎಲ್ಲ ಬಗೆಯ ಮಕ್ಕಳಿಗೂ ಅನ್ವಯಿಸುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬರಹ ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದೆ. ಅವರಿಗೆ ಶೇ. 81 ನೆನಪಿತ್ತು, ಮುಚ್ಚಿ ಬರೆದವರಿಗೆ ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ತಿರುಗುಮುರುಗು. ಮತ್ತೆ ಓದಿದವರಿಗೆ ಶೇ. 42 ನೆನಪಿತ್ತು, ಮುಚ್ಚಿ ಬರೆದವರಿಗೆ ಶೇ. 56.

ಇದು ನಮಗೆ ಹೊಸದಲ್ಲ. ನಾವು ಚಿಕ್ಕವರಿದ್ದಾಗ ಸಂಜೆ ದೀಪ ಹಚ್ಚಿದ ಮೇಲೆ ಪಾಠ ಒಪ್ಪಿಸಬೇಕಿತ್ತು. ಪುಸ್ತಕ ಅಮ್ಮನ ಕೈಯಲ್ಲಿ, ಬಾಯಿ ನಮ್ಮದು. ಒಪ್ಪಿಸುವುದು ಅಂದರೆ ತಲೆಯಿಂದ ಹೊರಗೆ ತೆಗೆಯುವುದು. ಹಾಗೆ ತೆಗೆದಷ್ಟೂ ಒಳಗೆ ಗಟ್ಟಿಯಾಗುತ್ತದೆ. ನಾವು ಮಾಡಿದ ತಪ್ಪು ಎಂದರೆ ಅರ್ಥ ಆಗದ್ದನ್ನೂ ಒಪ್ಪಿಸುತ್ತಿದ್ದದ್ದು. ಉರು ಹೊಡೆಯುವುದಕ್ಕೂ ಒಪ್ಪಿಸುವುದಕ್ಕೂ ಇರುವ ವ್ಯತ್ಯಾಸ ಮರೆತು, ಈಗ ಎರಡನ್ನೂ ಬಿಟ್ಟು ಮಕ್ಕಳಿಗೆ ಹೈಲೈಟರ್ ಕೊಟ್ಟು ಕೂರಿಸಿದ್ದೇವೆ. ಇದರ ಜೊತೆಗೆ ಅಂತರ ಬೇಕು. ಇವತ್ತು ಕಲಿತದ್ದನ್ನು ಎರಡು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು ಕೇಳಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲವನ್ನೂ ತುಂಬಿದರೆ ಬೆಳಗ್ಗೆಗೆ ಸಾಕಾಗುತ್ತದೆ, ಮುಂದಿನ ಕ್ಲಾಸಿಗೆ ಉಳಿಯುವುದಿಲ್ಲ.

ಮಕ್ಕಳಲ್ಲಿ ನಿಜವಾಗಿ ಬೇರೆಯಾಗುವುದು ಈಗ ಎಲ್ಲಿದ್ದಾರೆ ಎನ್ನುವುದು, ಎಷ್ಟು ಹೊತ್ತು ಬೇಕು ಎನ್ನುವುದು. ಇದನ್ನು ಅರ್ಥ ಮಾಡಿಕೊಂಡ ಪ್ರಯೋಗ ನಮ್ಮಲ್ಲೇ ನಡೆದಿದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ಋಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದು ನಲಿ-ಕಲಿ ಶುರು ಮಾಡಿದರು. ಗೋಡೆಯ ಮೇಲೆ ಕಲಿಕಾ ಏಣಿ. ಮಗು ತನ್ನ ಮೆಟ್ಟಿಲನ್ನು ತಾನೇ ಹುಡುಕಿಕೊಂಡು ಅದರ ಕಾರ್ಡು ತೆಗೆದುಕೊಳ್ಳುತ್ತದೆ. ನಾಲ್ಕು ದಿನ ಜ್ವರ ಬಂದು ರಜೆ ಹಾಕಿದ ಮಗು ಬಿಟ್ಟ ಮೆಟ್ಟಿಲಿಂದಲೇ ಹತ್ತುತ್ತದೆ. ಒಬ್ಬರೇ ಶಿಕ್ಷಕರು, ಮೂರು ತರಗತಿ, ಹರಿದ ಕಾರ್ಡು, ಹೀಗೆ ಕಷ್ಟಗಳು ಬೇಕಾದಷ್ಟಿವೆ. ಹಾಗಿದ್ದರೂ ಆ ಏಣಿ ಮಗುವಿಗೆ ನೀನು ಇಂಥ ಬಗೆಯವನು ಅನ್ನುವುದಿಲ್ಲ. ನೀನು ಇಲ್ಲಿದ್ದೀಯ, ಮುಂದಿನ ಮೆಟ್ಟಿಲು ಇದು ಅನ್ನುತ್ತದೆ. ನನಗೆ ಇದು ದೊಡ್ಡ ಗೌರವ ಅನ್ನಿಸುತ್ತದೆ.

ತಂಗಿಗೆ ನಾನು ಕೀಬೋರ್ಡ್ ಕ್ಲಾಸು ಬೇಡ ಅನ್ನಲಿಲ್ಲ. ಹುಡುಗನಿಗೆ ಇಷ್ಟ ಇದ್ದರೆ ಖಂಡಿತ ಕಲಿಯಲಿ ಅಂದೆ. ಲೆಕ್ಕ ಬಿಡಿಸುವುದು ಮಾತ್ರ ಬೇಡ. ಅವನನ್ನು ಕೂರಿಸಿಕೊಂಡು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ ನೋಡಿದೆವು. ಹತ್ತರವರೆಗೆ ಸರಾಗ. ಹತ್ತು ದಾಟಿದರೆ ಬೆರಳು ಮುಗಿದುಹೋಗುತ್ತಿತ್ತು, ಮತ್ತೆ ಮೊದಲಿಂದ ಎಣಿಸುತ್ತಿದ್ದ. ಅಷ್ಟೇ ಅವನ ತೊಂದರೆ. ಈಗ ಅವಳು ಹುಣಸೆ ಬೀಜವನ್ನು ಹತ್ತು ಹತ್ತರ ಗುಂಪು ಮಾಡಿಸಿ ದಿನಾ ಹತ್ತು ನಿಮಿಷ ಆಡಿಸುತ್ತಿದ್ದಾಳೆ.

ಹೂವಿನ ಹುಡುಗಿಯ ಹತ್ತಿರ ಮುಂದಿನ ಶುಕ್ರವಾರ ಮತ್ತೆ ಕೂತೆ. ಚಿಲ್ಲರೆ ಕೊಡುವಾಗ ಬಾಯಲ್ಲಿ ಏನು ಹೇಳುತ್ತೀಯೋ ಅದನ್ನೇ ನೋಟ್‌ಬುಕ್ಕಿನಲ್ಲಿ ಬರಿ ಅಂದೆ. 180 ಬರೆದಳು, ಮುಂದೆ ಬಾಣ ಹಾಕಿ 20, ಆಮೇಲೆ 200. ಮತ್ತೆ ಬಾಣ, 300, ಕೊನೆಗೆ 500. ಎರಡು ಬಾಣದ ಅಂಕಿಗಳನ್ನು ಕೂಡಿಸು ಅಂದೆ. 320 ಅಂತ ಬರೆದು, ಹಿಂದಿನ ಪುಟ ತಿರುವಿ ಹಳೆಯ 480 ನೋಡಿದಳು.

"ಇದೂ ಮೈನಸ್ಸಾ ಆಂಟಿ?"

ಹೌದು ಅಂದೆ. ಅವಳು 480ರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಇನ್ನೊಂದು ಲೆಕ್ಕ ತಾನೇ ಬರೆದುಕೊಂಡಳು. 600ರಲ್ಲಿ 240.